ನಾಲ್ಕು ಬಾಗಿಲುಗಳ ಗುಡಿ

ನಾಂದೇಡದಿಂದ ಅಮೃತಸರಕ್ಕೆ ಹೋಗುವ ಸಚ್‌ಖಂಡ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಊಟದ ಚಿಂತೆ ಅಷ್ಟಾಗಿ ಮಾಡಬೇಕಿಲ್ಲ. ದಾರಿಯ ಕೆಲವು ನಿಲ್ದಾಣಗಳಲ್ಲಿ ಸೇವಾದಾರರು ಬಕೆಟ್ಟುಗಳಲ್ಲಿ ದಾಲು, ಪಲ್ಯ, ರೊಟ್ಟಿ ತಂದು ಗಾಡಿಯ ಬಳಿಯೇ ನೀಡುತ್ತಾರೆ. ಬಲ್ಲ ಪ್ರಯಾಣಿಕರು ನಿಲ್ದಾಣ ಬರುವ ಮೊದಲೇ ಡಬ್ಬಿ ತೆಗೆದು ಸಿದ್ಧವಾಗಿರುತ್ತಾರೆ. ಇದನ್ನು ತಿಳಿಯದ ಬೀದರಿನ ದಂಪತಿಗಳು ಎರಡು ದಿನಕ್ಕಾಗುವಷ್ಟು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟಿದ್ದರು. ಅಮೃತಸರದಲ್ಲಿ ಇಳಿದಾಗ ಬುತ್ತಿಯ ಅರ್ಧ ಹಾಗೆಯೇ ಉಳಿದಿತ್ತು. “ಹಿಂಗ ಅಂತ ಗೊತ್ತಿದ್ರ ನಾ ಇಷ್ಟು ರೊಟ್ಟಿ ಯಾಕ ಬಡೀತಿದ್ದೆ?” ಎಂದು ಆಕೆ ಗೊಣಗಿದರು. ಮಾಸ್ತರು ನಕ್ಕು ಚೀಲ ಹೆಗಲಿಗೇರಿಸಿದರು.

ಮಾಸ್ತರು ಬೀದರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಮೂವತ್ತು ವರ್ಷಗಳ ಕಾಲ ಪ್ರತಿವರ್ಷವೂ ಜಲಿಯನ್‌ವಾಲಾಬಾಗ್ ಹತ್ಯಾಕಾಂಡದ ಪಾಠ ಮಾಡಿದ್ದರು. 1919ರ ಏಪ್ರಿಲ್ 13, ವೈಶಾಖಿ ಹಬ್ಬ, ಜನರಲ್ ಡಯರ್, 50 ಮಂದಿ ಬಂದೂಕುಧಾರಿಗಳು, 1650 ಗುಂಡುಗಳು, ಸರ್ಕಾರದ ಲೆಕ್ಕಕ್ಕೆ 379 ಸಾವು. ಎರಡು ಅಂಕದ ಪ್ರಶ್ನೆಗೆ ಇಷ್ಟು ಬರೆದರೆ ಸಾಕು ಎಂದು ಹುಡುಗರಿಗೆ ಹೇಳಿಕೊಟ್ಟಿದ್ದರು. ಪಾಠ ಮಾಡಿದ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಆಸೆ.

ಅವರ ಪತ್ನಿಯ ಆಸೆಯೇ ಬೇರೆ. ಬೀದರಿನಲ್ಲೇ ಹುಟ್ಟಿ ಬೆಳೆದ ಆಕೆಗೆ ನಾನಕ್ ಝೀರಾದ ಗುರುದ್ವಾರ ಚಿಕ್ಕಂದಿನಿಂದ ಪರಿಚಿತ. ಬೀದರಿನಲ್ಲಿ ಸಿಹಿನೀರಿಗೆ ತತ್ವಾರವಿದ್ದ ಕಾಲದಲ್ಲಿ ಗುರು ನಾನಕರು ಅಲ್ಲಿಗೆ ಬಂದು, ಪಾದುಕೆಯಿಂದ ಕಲ್ಲೊಂದನ್ನು ಸರಿಸಿದಾಗ ಝರಿ ಚಿಮ್ಮಿತೆಂಬ ನಂಬಿಕೆಯನ್ನು ಊರಿನ ಎಲ್ಲ ಜಾತಿಯವರೂ ಒಪ್ಪುತ್ತಾರೆ. ತಾಯಿಯ ಸೆರಗು ಹಿಡಿದು ಹೋಗಿ ಆ ನೀರು ಕುಡಿದಿದ್ದ ಆಕೆಗೆ ‘ದೊಡ್ಡ ಗುರುದ್ವಾರ’ ನೋಡುವ ಹಂಬಲ. ಹೀಗೆ ಒಬ್ಬರಿಗೆ ಬಾಗ್, ಒಬ್ಬರಿಗೆ ಗುಡಿ. ಎರಡರ ನಡುವೆ ಕೆಲವೇ ನಿಮಿಷಗಳ ಕಾಲ್ದಾರಿ ಎಂಬುದು ಇಬ್ಬರಿಗೂ ಅನುಕೂಲವೇ ಆಯಿತು.

ಮರುದಿನ ನಸುಕಿನಲ್ಲೇ ಇಬ್ಬರೂ ಗಂಟಾಘರ್ ಕಡೆಯ ಬಾಗಿಲಿಗೆ ಬಂದರು. ಚಪ್ಪಲಿ ಇಡುವ ಜೋಡಾ ಘರ್‌ನಲ್ಲಿ ಒಳ್ಳೆಯ ಅಂಗಿ ತೊಟ್ಟ ನಡುವಯಸ್ಸಿನವರೊಬ್ಬರು ಕೈನೀಡಿ ಮಾಸ್ತರ ಹಳೆಯ ಚಪ್ಪಲಿಗಳನ್ನು ತೆಗೆದುಕೊಂಡರು. ಮಾಸ್ತರಿಗೆ ಸಂಕೋಚವಾಯಿತು. ಪರರ ಪಾದರಕ್ಷೆಯನ್ನು ಮುಟ್ಟುವ ಈ ಕೆಲಸ ಅಲ್ಲಿ ಸಂಬಳದ್ದಲ್ಲ, ಸೇವೆ. ಅಂಗಡಿ ಮಾಲೀಕರು, ಅಧಿಕಾರಿಗಳು, ಕಾಲೇಜಿನ ಹುಡುಗರು ಸರದಿಯಲ್ಲಿ ಬಂದು ಮಾಡುತ್ತಾರೆ. ತಗಡಿನ ಬಿಲ್ಲೆಯೊಂದನ್ನು ಮಾಸ್ತರ ಕೈಗಿಟ್ಟರು. ತಲೆಗೆ ಬಟ್ಟೆ ಕಟ್ಟಿ, ಹರಿಯುವ ನೀರಿನಲ್ಲಿ ಕಾಲದ್ದಿ, ಇಬ್ಬರೂ ಒಳಗೆ ನಡೆದರು.

ನಮ್ಮ ಕಡೆ ಗುಡಿಗೆ ಹೋಗುವುದೆಂದರೆ ಹತ್ತಿ ಹೋಗುವುದು. ಇಲ್ಲಿ ಮೆಟ್ಟಿಲುಗಳು ಕೆಳಗಿಳಿಯುತ್ತವೆ. ಬಂದವರು ಎಂಥ ದೊಡ್ಡವರೇ ಆಗಲಿ, ಇಳಿದೇ ದರ್ಶನ ಮಾಡಬೇಕು. ಕೊನೆಯ ಮೆಟ್ಟಿಲು ಮುಗಿಯುವಷ್ಟರಲ್ಲಿ ಎದುರಿಗೆ ಅಗಲವಾದ ಸರೋವರ, ಅದರ ನಡುವೆ ದೀಪದ ಬೆಳಕಿನಲ್ಲಿ ಹೊಳೆಯುವ ಚಿನ್ನದ ಗುಡಿ, ನೀರಿನಲ್ಲಿ ಅದರದೇ ನಡುಗುವ ನೆರಳು. ಆಕೆ ಅಲ್ಲಿಯೇ ನೆಲಕ್ಕೆ ಹಣೆ ಮುಟ್ಟಿಸಿದರು. ಹಾರ್ಮೋನಿಯಂ, ತಬಲಾಗಳೊಡನೆ ಕೀರ್ತನೆಯ ಧ್ವನಿ ನೀರಿನ ಮೇಲೆ ತೇಲಿಬರುತ್ತಿತ್ತು.

ಈ ಸರೋವರವೇ ಊರಿಗೆ ಹೆಸರು ಕೊಟ್ಟಿತು. ನಾಲ್ಕನೆಯ ಗುರು ರಾಮದಾಸರು 1577ರಲ್ಲಿ ಇದನ್ನು ತೋಡಿಸಿದರು. ಮೊದಲು ರಾಮದಾಸಪುರವೆನಿಸಿದ್ದ ಊರು ಮುಂದೆ ಅಮೃತಸರವಾಯಿತು. ನೀರಿನ ನಡುವೆ ಹರಿಮಂದಿರ ಕಟ್ಟಿಸಿದವರು ಅವರ ಮಗ, ಐದನೆಯ ಗುರು ಅರ್ಜನರು. ಲಾಹೋರಿನ ಸೂಫಿ ಸಂತ ಮಿಯಾ ಮೀರ್ ಅದರ ಅಡಿಗಲ್ಲು ಇಟ್ಟರೆಂದು ಪರಂಪರೆ ಹೇಳುತ್ತದೆ. 1604ರಲ್ಲಿ ಆದಿಗ್ರಂಥವನ್ನು ಅಲ್ಲಿ ಪ್ರತಿಷ್ಠಾಪಿಸಲಾಯಿತು. ಗುರುಗಳ ವಾಣಿಯ ಜೊತೆಗೆ ಕಬೀರ, ನಾಮದೇವ, ರವಿದಾಸ, ಶೇಖ್ ಫರೀದರ ವಾಣಿಯೂ ಆ ಗ್ರಂಥದಲ್ಲಿದೆ. ನೇಕಾರ, ಸಿಂಪಿಗ, ಚಮ್ಮಾರ, ಸೂಫಿ ಎಲ್ಲರ ಮಾತನ್ನೂ ಒಂದೇ ಪೀಠದಲ್ಲಿಟ್ಟು ಚವರ ಬೀಸುವ ಗುಡಿ ಇದು.

ಗುಡಿಗೆ ಹೋಗುವ ಸೇತುವೆ ಸುಮಾರು ಇನ್ನೂರು ಅಡಿ ಉದ್ದ. ಸಾಲಿನಲ್ಲಿ ಅಂಗುಲ ಅಂಗುಲವಾಗಿ ಮುಂದೆ ಸರಿಯುತ್ತ ಮಾಸ್ತರು ಪತ್ನಿಗೆ ವಿವರಿಸಿದರು: “ಈ ಗುಡಿಗೆ ನಾಲ್ಕೂ ದಿಕ್ಕಿಗೆ ಬಾಗಿಲು ಅವ ನೋಡು. ಯಾವ ದಿಕ್ಕಿನವರು, ಯಾವ ಜಾತಿಯವರು ಬಂದರೂ ಒಳಗ ಬರಲಿ ಅಂತ.” ಆಕೆ ಎಣಿಸಿ ನೋಡಿದರು. ಹೌದು, ನಾಲ್ಕು. ಒಳಗೆ ಗ್ರಂಥಸಾಹಿಬಕ್ಕೆ ನಮಸ್ಕರಿಸಿ ಗೋಡೆಗೊರಗಿ ಕುಳಿತಾಗ ನಾಲ್ಕು ಬಾಗಿಲುಗಳಿಂದಲೂ ನೀರಿನ ಮೇಲಿನ ತಂಗಾಳಿ ಬರುತ್ತಿತ್ತು.

ಬಾಗಿಲುಗಳು ನಾಲ್ಕಿದ್ದರೂ ಈ ಗುಡಿಗೆ ಬಂದವರೆಲ್ಲ ಭಕ್ತರಾಗಿ ಬಂದವರಲ್ಲ. 1757ರಲ್ಲಿ ಅಹ್ಮದ್ ಶಾ ಅಬ್ದಾಲಿಯ ಪಡೆಗಳು ಗುಡಿಯನ್ನು ಅಪವಿತ್ರಗೊಳಿಸಿದಾಗ ಅದನ್ನು ಬಿಡಿಸಲು ಬಂದ ವೃದ್ಧ ಬಾಬಾ ದೀಪ್ ಸಿಂಗ್ ಕಾದಾಡಿ ಮಡಿದರು. 1762ರಲ್ಲಿ ಅಬ್ದಾಲಿ ಮತ್ತೆ ಬಂದು ಗುಡಿಯನ್ನು ಮದ್ದಿಟ್ಟು ಉರುಳಿಸಿದ. ಸಿಖ್ಖರು ಮತ್ತೆ ಕಟ್ಟಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮಹಾರಾಜ ರಣಜಿತ್ ಸಿಂಹ ಅದಕ್ಕೆ ಅಮೃತಶಿಲೆ ಹೊದಿಸಿ, ತಾಮ್ರದ ತಗಡಿಗೆ ಚಿನ್ನದ ಲೇಪ ಕೊಡಿಸಿದ. ಇಂದು ಜಗತ್ತು ‘ಸ್ವರ್ಣಮಂದಿರ’ ಎನ್ನುವುದು ಆ ಹೊದಿಕೆಯನ್ನು ನೋಡಿ. ಸಿಖ್ಖರ ಬಾಯಲ್ಲಿ ಅದು ಈಗಲೂ ದರ್ಬಾರ್ ಸಾಹಿಬ್.

ಪರಿಕ್ರಮದ ನೆಲದಲ್ಲೂ ಗೋಡೆಗಳಲ್ಲೂ ಹೆಸರು ಕೆತ್ತಿದ ಕಲ್ಲುಗಳಿವೆ. ಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗೆ ಕೊಟ್ಟವು, ತಂದೆತಾಯಿಯ ಹೆಸರಿನಲ್ಲಿ ಕೊಟ್ಟವು. ಪೂರ್ವದ ದಂಡೆಯಲ್ಲಿ ದುಃಖಭಂಜನಿ ಬೇರಿ ಎಂಬ ಹಳೆಯ ಬೋರೆಮರ. ಅದರಡಿಯ ನೀರಿನಲ್ಲಿ ಮಿಂದ ಕುಷ್ಠರೋಗಿಯೊಬ್ಬ ಗುಣವಾದನೆಂಬ ಕಥೆಯಿದೆ. ಅಲ್ಲಿ ಮೀಯಲು ಬಂದಿದ್ದ ತಾಯಂದಿರ ಮಧ್ಯೆ ಮಾಸ್ತರ ಪತ್ನಿಯೂ ಕುಳಿತು ಬೊಗಸೆ ನೀರನ್ನು ಕಣ್ಣಿಗೊತ್ತಿಕೊಂಡರು. ಬಹಳ ಹೊತ್ತು ಏಳಲಿಲ್ಲ.

ಮಾಸ್ತರು ಅಷ್ಟರಲ್ಲಿ ಅಕಾಲ್ ತಖ್ತದ ಎದುರು ನಿಂತಿದ್ದರು. ಆರನೆಯ ಗುರು ಹರಗೋವಿಂದರು 1606ರಲ್ಲಿ ಸ್ಥಾಪಿಸಿದ ಪೀಠವದು. ತಂದೆ ಅರ್ಜನರನ್ನು ಮೊಗಲ್ ದೊರೆ ಜಹಾಂಗೀರ ಲಾಹೋರಿನಲ್ಲಿ ಕೊಲ್ಲಿಸಿದ ವರ್ಷವೂ ಅದೇ. ಗುರು ಹರಗೋವಿಂದರು ಎರಡು ಕತ್ತಿ ಧರಿಸಿದರು, ಒಂದು ಲೋಕದ ಅಧಿಕಾರಕ್ಕೆ, ಇನ್ನೊಂದು ಆಧ್ಯಾತ್ಮಕ್ಕೆ. ಪಕ್ಕದಲ್ಲಿ ಎದ್ದು ನಿಂತ ಎರಡು ಧ್ವಜಸ್ತಂಭಗಳು ಅದರ ಗುರುತು. ರಾತ್ರಿ ಗ್ರಂಥಸಾಹಿಬವನ್ನು ಪಲ್ಲಕ್ಕಿಯಲ್ಲಿ ಹರಿಮಂದಿರದಿಂದ ಇಲ್ಲಿಗೆ ತರುತ್ತಾರೆ, ನಸುಕಿನಲ್ಲಿ ಮತ್ತೆ ಅಲ್ಲಿಗೆ ಒಯ್ಯುತ್ತಾರೆ.

ಈಗಿನ ಕಟ್ಟಡ ಮಾತ್ರ ಹಳೆಯದಲ್ಲ. 1984ರ ಜೂನ್‌ನಲ್ಲಿ, ಒಳಗೆ ನೆಲೆನಿಂತಿದ್ದ ಸಶಸ್ತ್ರ ಗುಂಪನ್ನು ಹೊರಹಾಕಲು ಸೈನ್ಯ ಒಳನುಗ್ಗಿತು. ಗುರು ಅರ್ಜನರ ಬಲಿದಾನದ ದಿನಕ್ಕೆಂದು ಹಳ್ಳಿಗಳಿಂದ ಬಂದಿದ್ದ ಯಾತ್ರಿಕರು ಹೊರಬರಲಾಗದೆ ನಡುವೆ ಸಿಕ್ಕಿಬಿದ್ದರು. ಅಕಾಲ್ ತಖ್ತ್ ಜರ್ಜರಿತವಾಯಿತು. ಸರ್ಕಾರ ಅದನ್ನು ಬೇಗನೆ ಕಟ್ಟಿಸಿಕೊಟ್ಟಿತು. ಸಿಖ್ಖರು ಆ ಕಟ್ಟಡವನ್ನು 1986ರಲ್ಲಿ ಕೆಡವಿ ತಾವೇ ಮಣ್ಣು ಹೊತ್ತು, ಕಾರಸೇವೆಯಿಂದ ಹೊಸದನ್ನು ಎಬ್ಬಿಸಿದರು. ಗಾಯ ಮಾಡಿದ ಕೈಯಿಂದಲೇ ಮುಲಾಮು ಹಚ್ಚಿಸಿಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಗಿತ್ತು. ಅದರ ಬೆನ್ನಿಗೇ ದಿಲ್ಲಿಯ ಬೀದಿಗಳಲ್ಲಿ ಸಾವಿರಾರು ಸಿಖ್ಖರನ್ನು ಕೊಲ್ಲಲಾಯಿತು. ಮಾಸ್ತರಿಗೆ ಈ ಇಸವಿಗಳೂ ಬಾಯಿಪಾಠವೇ. ಆದರೆ 1984ರಿಂದ ಮುಂದಕ್ಕೆ ಎಣಿಸುವಾಗ ಅವರ ಮನಸ್ಸು ಯಾವಾಗಲೂ ನಾಲ್ಕು ವರ್ಷ ದಾಟಿ ಒಂದು ಕಡೆ ನಿಂತುಬಿಡುತ್ತಿತ್ತು.

ಎರಡನೆಯ ದಿನ ಬಾಗ್‌ಗೆ ಹೋದರು.

ಮಾಸ್ತರು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಓಣಿಯೊಂದಿತ್ತು. ಇಕ್ಕಟ್ಟಾದ, ಬರಿಯ ಇಟ್ಟಿಗೆ ಗೋಡೆಗಳ ಓಣಿ. ಡಯರ್ ತನ್ನ ಜೊತೆ ಮೆಷಿನ್‌ಗನ್ ಹೊತ್ತ ಎರಡು ಶಸ್ತ್ರಸಜ್ಜಿತ ಕಾರುಗಳನ್ನು ತಂದಿದ್ದ. ಓಣಿ ಕಿರಿದಾದ್ದರಿಂದ ಅವು ಒಳಗೆ ಬರಲಿಲ್ಲ. ಬರುವಂತಿದ್ದರೆ ಅವನ್ನೂ ಬಳಸುತ್ತಿದ್ದೆನೇನೋ ಎಂದು ಆತ ಮುಂದೆ ಹಂಟರ್ ಸಮಿತಿಯ ಎದುರು ಒಪ್ಪಿಕೊಂಡ. ಹಾಗೆಂದರೆ ಆ ಓಣಿಯ ಇಕ್ಕಟ್ಟೇ ಎಷ್ಟೋ ಜನರನ್ನು ಉಳಿಸಿತು, ಅದೇ ಇಕ್ಕಟ್ಟು ಎಷ್ಟೋ ಜನರನ್ನು ಹೊರಬಿಡದೆ ಕೊಂದಿತು. ಈಗ ಆ ಗೋಡೆಗಳ ಮೇಲೆ ನಗುನಗುತ್ತ ಹಬ್ಬಕ್ಕೆ ಹೊರಟ ಗಂಡಸರು, ಹೆಂಗಸರು, ಮಕ್ಕಳ ಉಬ್ಬುಶಿಲ್ಪಗಳಿವೆ. 2021ರ ನವೀಕರಣದಲ್ಲಿ ಮಾಡಿದ್ದು. ಆಗ ಅದಕ್ಕೆ ಇತಿಹಾಸಕಾರರಿಂದ, ಹುತಾತ್ಮರ ಕುಟುಂಬಗಳವರಿಂದ ಬಹಳ ಆಕ್ಷೇಪ ಬಂದಿತ್ತು. ಜನ ಆ ಶಿಲ್ಪಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಾಸ್ತರು ಗೋಡೆಯ ಅಂಚಿನಲ್ಲಿ ಉಳಿದ ಬರಿಯ ಇಟ್ಟಿಗೆಗೆ ಬೆರಳು ತಾಗಿಸಿ ಒಳಗೆ ನಡೆದರು.

ಒಳಗೆ ಹುಲ್ಲು, ಹೂಗಿಡ, 1961ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಉದ್ಘಾಟಿಸಿದ ಕೆಂಪುಕಲ್ಲಿನ ಸ್ಮಾರಕ. ಜನ ಪ್ರಾಣಭಯದಿಂದ ಹಾರಿದ ಬಾವಿಗೆ ಈಗ ಗಾಜಿನ ಆವರಣ. ಗುಂಡು ತಾಗಿದ ಗೋಡೆಗಳಲ್ಲಿ ಗುಳಿಗಳನ್ನು ಗುರುತಿಸಿದ್ದಾರೆ. ಆಕೆ ಒಂದೊಂದಾಗಿ ಎಣಿಸತೊಡಗಿ ನಡುವೆ ಬಿಟ್ಟರು.

“ಇದಕ್ಕ ಎಷ್ಟು ಬಾಗಿಲ ಇದ್ದವ್ರಿ?” ಎಂದು ಕೇಳಿದರು.

“ದೊಡ್ಡದು ನಾವು ಬಂದದ್ದೊಂದೇ. ಅಲ್ಲಿ ಸಿಪಾಯಿಗಳು ನಿಂತಿದ್ರು. ಉಳಿದವು ಸಣ್ಣ ಸಣ್ಣ ಸಂದಿ, ಹೆಚ್ಚಿನವಕ್ಕ ಬೀಗ.”

ಮೂರು ದಿನದ ಹಿಂದೆ, ಏಪ್ರಿಲ್ 10ರಂದು, ಡಾ. ಸತ್ಯಪಾಲ್ ಮತ್ತು ಸೈಫುದ್ದೀನ್ ಕಿಚಲು ಎಂಬ ಇಬ್ಬರು ನಾಯಕರನ್ನು ಸರ್ಕಾರ ಊರಿನಿಂದ ಹೊರಗೆ ಸಾಗಿಸಿತ್ತು. ಊರು ಕೆರಳಿತ್ತು, ಐವರು ಯುರೋಪಿಯನ್ನರ ಕೊಲೆಯೂ ಆಗಿತ್ತು. ಸಭೆ ಸೇರಬಾರದೆಂಬ ಆಜ್ಞೆ ಹೊರಟಿದ್ದರೂ ಎಲ್ಲರಿಗೂ ಮುಟ್ಟಿರಲಿಲ್ಲ. ಹಬ್ಬಕ್ಕೆ ಬಂದ ಹಳ್ಳಿಯವರು ವಿಶ್ರಾಂತಿಗೆಂದು ಬಾಗ್‌ನಲ್ಲಿ ಕುಳಿತಿದ್ದರು. ಡಯರ್ ಎಚ್ಚರಿಕೆಯ ಒಂದು ಮಾತನ್ನೂ ಹೇಳದೆ ಗುಂಡು ಹಾರಿಸಲು ಅಪ್ಪಣೆ ಕೊಟ್ಟ. ಸುಮಾರು ಹತ್ತು ನಿಮಿಷ ಗುಂಡು ಹಾರಿತು. ಸತ್ತವರು ಸಾವಿರದಷ್ಟಿದ್ದರೆಂದು ಕಾಂಗ್ರೆಸ್ಸಿನ ವಿಚಾರಣಾ ಸಮಿತಿ ಅಂದಾಜು ಮಾಡಿತು. ಗಾಯಾಳುಗಳನ್ನು ನೋಡುವುದು ತನ್ನ ಕೆಲಸವಲ್ಲವೆಂಬಂತೆ ಡಯರ್ ಹೊರಟುಹೋದ. ರಾತ್ರಿ ಎಂಟರ ನಂತರ ಹೊರಬಂದವರಿಗೆ ಗುಂಡು ಎಂಬ ಕರ್ಫ್ಯೂ ಊರ ಮೇಲಿತ್ತು.

ಆ ರಾತ್ರಿಯ ಕುರಿತು ರತನ್ ದೇವಿ ಎಂಬ ಹೆಣ್ಣುಮಗಳು ಕೊಟ್ಟ ಹೇಳಿಕೆ ದಾಖಲೆಯಲ್ಲಿದೆ. ಬಾಗ್‌ನ ಹತ್ತಿರವೇ ಆಕೆಯ ಮನೆ. ಹೆಣಗಳ ನಡುವೆ ಹುಡುಕಿ ಗಂಡನ ಶವ ಕಂಡುಕೊಂಡ ಆಕೆ, ಅದನ್ನು ಮನೆಗೆ ಸಾಗಿಸಲು ನೆರವು ಬೇಡಿ ಹೋದಳು. ಕರ್ಫ್ಯೂ ಭಯಕ್ಕೆ ಜನ ಬರಲಿಲ್ಲ. ನಾಯಿಗಳನ್ನು ಓಡಿಸಲು ಒಂದು ಬಿದಿರು ಕೋಲು ಹಿಡಿದು ಬೆಳಗಿನವರೆಗೆ ಶವದ ಪಕ್ಕ ಒಬ್ಬಳೇ ಕುಳಿತಳು.

ಮಾಸ್ತರು ನೌಕರಿಯ ಮೊದಲ ವರ್ಷಗಳಲ್ಲಿ ಈ ಕಥೆಯನ್ನು ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದರು. ಹುಡುಗರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಒಂದು ಮನಿಯವರೂ ಬಾಗಿಲ ತೆರೀಲಿಲ್ಲೇನ್ರಿ ಸರ್?” ಎಂದು ಕೇಳಿದ್ದ. “ಹೆದರಿದ್ರಪ್ಪ” ಎಂದು ಮಾಸ್ತರು ಉತ್ತರಿಸಿದ್ದರು. 1988ರ ನಂತರ ಅವರು ತರಗತಿಯಲ್ಲಿ ರತನ್ ದೇವಿಯ ಕಥೆ ಹೇಳುವುದನ್ನು ನಿಲ್ಲಿಸಿದರು. ಇಸವಿ, ಗುಂಡು, ಸಾವಿನ ಲೆಕ್ಕಗಳಿಗೇ ಪಾಠ ಮುಗಿಯುತ್ತಿತ್ತು.

1988ರ ಸೆಪ್ಟೆಂಬರ್‌ನಲ್ಲಿ ಬೀದರಿನಲ್ಲಿ ಗಲಭೆಯಾಯಿತು. ಇಂಜಿನಿಯರಿಂಗ್ ಓದಲು ಪಂಜಾಬ ಮೊದಲಾದ ಕಡೆಗಳಿಂದ ಬಂದಿದ್ದ ಸಿಖ್ ಹುಡುಗರ ಮೇಲೆ ದಾಳಿಗಳು ನಡೆದು ಕೆಲವರು ಪ್ರಾಣ ಕಳೆದುಕೊಂಡರು. ಮಾಸ್ತರ ಓಣಿಯಲ್ಲೂ ಇಬ್ಬರು ಸಿಖ್ ಹುಡುಗರು ಕೋಣೆ ಹಿಡಿದಿದ್ದರು. ಮಾಸ್ತರನ್ನು ಕಂಡರೆ ನಮಸ್ಕಾರ ಹೇಳುವರು, ನಲ್ಲಿಯಲ್ಲಿ ನೀರು ಬಾರದ ದಿನ ಕೊಡ ತಂದು ಇವರ ಹೌದಿನಿಂದ ತುಂಬಿಕೊಂಡು ಹೋಗುವರು. ಆ ರಾತ್ರಿ ಓಣಿಯ ತುದಿಯಲ್ಲಿ ಗದ್ದಲವೆದ್ದಿತು. ಎಂಟು ತಿಂಗಳ ಮಗಳು ತೊಟ್ಟಿಲಲ್ಲಿದ್ದಳು. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಜೋರಾಗಿ ಅಲ್ಲ, ಮೆಲ್ಲಗೆ, ನಾಲ್ಕೈದು ಸಲ. ಮಾಸ್ತರು ಎದ್ದರು, ಅಗುಳಿಯವರೆಗೆ ಕೈ ಹೋಯಿತು, ತೆರೆಯಲಿಲ್ಲ. ಬಡಿಯುವುದು ನಿಂತಿತು. ಬೆಳಿಗ್ಗೆ ನೋಡಿದರೆ ಹುಡುಗರ ಕೋಣೆಗೆ ಬೀಗ. ಮೂರು ವಾರಗಳ ಮೇಲೆ, ಅವರು ಜೀವಸಹಿತ ಊರು ಮುಟ್ಟಿದ್ದಾರೆಂದೂ ಟ್ರಂಕು ಕಳಿಸಲು ಕಾಗದ ಬರೆದಿದ್ದಾರೆಂದೂ ಮನೆಯ ಮಾಲೀಕರು ಹೇಳಿದರು. ಬಾಗಿಲು ಬಡಿದವರು ಆ ಹುಡುಗರೇ, ಬೇರೆ ಯಾರಾದರೂ ಇದ್ದರೇ ಎಂಬುದು ಗೊತ್ತಾಗಲೇ ಇಲ್ಲ. ಗಂಡ ಹೆಂಡಿರು ಆ ವಿಷಯ ಮತ್ತೆ ಎತ್ತಲಿಲ್ಲ.

ಮಧ್ಯಾಹ್ನ ಟೌನ್‌ಹಾಲಿನಲ್ಲಿರುವ ವಿಭಜನೆಯ ವಸ್ತುಸಂಗ್ರಹಾಲಯ ನೋಡಿದರು. 2017ರಲ್ಲಿ ತೆರೆದದ್ದು. 1947ರಲ್ಲಿ ಗಡಿ ದಾಟಿದವರು ಜೊತೆಗೆ ತಂದ ಬಟ್ಟೆ, ಪಾತ್ರೆ, ಪೆಟ್ಟಿಗೆಗಳು ಅಲ್ಲಿವೆ. ಲಾಹೋರ್ ಇಲ್ಲಿಂದ ಸುಮಾರು ಐವತ್ತು ಕಿಲೋಮೀಟರು, ವಾಘಾ ಗಡಿ ಅದಕ್ಕೂ ಈಚೆ. ಎರಡೂ ಊರುಗಳಲ್ಲಿ ಆ ವರ್ಷ ಜನ ಮನೆಗೆ ಬೀಗ ಹಾಕಿ, ಗಲಭೆ ತಣ್ಣಗಾದ ಮೇಲೆ ಮರಳಿ ಬರುತ್ತೇವೆಂದು ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಬಹುಪಾಲು ಜನ ಮರಳಲಿಲ್ಲ. ಅಮೃತಸರದ ಹಳೆಯ ಊರಿಗೆ ಲಾಹೋರಿ ದರವಾಜಾ ಎಂಬ ಬಾಗಿಲಿದೆ. ಹೆಸರಷ್ಟೇ ಲಾಹೋರಿಗೆ ಹೋಗುತ್ತದೆ. ಬೀದರಿನ ಫತೇ ದರವಾಜಾ, ಮಂಗಲಪೇಟ ದರವಾಜಾಗಳ ಕೆಳಗೆ ಓಡಾಡಿ ಬೆಳೆದ ದಂಪತಿಗಳಿಗೆ ಈ ಊರು ಅಪರಿಚಿತವೆನಿಸಲಿಲ್ಲ.

ಹಾಗೆ ನೋಡಿದರೆ ಎರಡು ಊರುಗಳ ನಡುವೆ ಹಳೆಯ ನಂಟೇ ಇದೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದಸಿಂಹರು ಖಾಲ್ಸಾ ಪಂಥ ಕಟ್ಟಿದಾಗ ತಲೆ ಕೊಡಲು ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನ ಕ್ಷೌರಿಕ ಕುಲದವರೆಂದು ಸಿಖ್ ಪರಂಪರೆ ಹೇಳುತ್ತದೆ. ಅತ್ತ ಅಮೃತಸರದ ಹತ್ತಿರದ ಝಬಾಲ್ ಊರಿನ ಮಾಯಿ ಭಾಗೋ, ಮುಕ್ತಸರದ ಕಾಳಗದಲ್ಲಿ ಕತ್ತಿ ಹಿಡಿದ ಹೆಣ್ಣುಮಗಳು, ಗುರುಗಳ ಜೊತೆ ನಾಂದೇಡಕ್ಕೆ ಬಂದು, 1708ರಲ್ಲಿ ಅವರು ತೀರಿಕೊಂಡ ಮೇಲೆ ಬೀದರ್ ಪಕ್ಕದ ಜನವಾಡದಲ್ಲಿ ನೆಲೆಸಿ ಅಲ್ಲಿಯೇ ಕಣ್ಣುಮುಚ್ಚಿದರು. ಅಲ್ಲಿಂದ ಬಂದವರಿಗೆ ಇಲ್ಲಿ, ಇಲ್ಲಿಂದ ಹೋದವರಿಗೆ ಅಲ್ಲಿ ಜಾಗ ಸಿಕ್ಕಿತ್ತು.

ಮೂರನೆಯ ದಿನ ಆಕೆ, “ಇವತ್ತ ನಾ ಎಲ್ಲೂ ಬರೂದಿಲ್ಲ. ಲಂಗರ್‌ದಾಗ ಕೆಲಸ ಮಾಡ್ತೀನಿ” ಎಂದರು.

ಗುರು ರಾಮದಾಸ್ ಲಂಗರ್‌ಗೆ ಹಗಲು ರಾತ್ರಿಯ ಭೇದವಿಲ್ಲ. ದಿನಕ್ಕೆ ಐವತ್ತು ಸಾವಿರಕ್ಕೂ ಮೇಲೆ ಜನ ಉಣ್ಣುತ್ತಾರೆ, ಹಬ್ಬದ ದಿನಗಳಲ್ಲಿ ಅದು ಲಕ್ಷ ದಾಟುತ್ತದೆ. ನೆಲದ ಮೇಲೆ ಹಾಸಿದ ಪಟ್ಟಿಗಳಲ್ಲಿ ಎಲ್ಲರೂ ಸಾಲಾಗಿ ಕೂರಬೇಕು. ರೊಟ್ಟಿಯನ್ನು ಮಾತ್ರ ತಟ್ಟೆಗೆ ಹಾಕುವುದಿಲ್ಲ, ಎರಡೂ ಕೈ ಒಡ್ಡಿ ಪ್ರಸಾದದಂತೆ ತೆಗೆದುಕೊಳ್ಳಬೇಕು. ಒಂದು ಕಡೆ ಬೆಟ್ಟದಷ್ಟು ಹಿಟ್ಟು ನಾದುತ್ತಾರೆ, ಇನ್ನೊಂದು ಕಡೆ ಹೆಂಗಸರು ಸಾಲಾಗಿ ಕೂತು ಬೆಳ್ಳುಳ್ಳಿ ಸುಲಿಯುತ್ತಾರೆ. ಎಲ್ಲಕ್ಕಿಂತ ಗದ್ದಲದ ಜಾಗ ತಟ್ಟೆ ತೊಳೆಯುವುದು. ಉದ್ದನೆಯ ತೊಟ್ಟಿಗಳ ಎರಡೂ ಬದಿಗೆ ಜನ ನಿಂತಿರುತ್ತಾರೆ. ಸ್ಟೀಲಿನ ತಟ್ಟೆಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು.

ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ತೊಟ್ಟಿಯ ಬಳಿ ನಿಂತರು. ಸಂಜೆಯವರೆಗೆ ಬಿಡಲಿಲ್ಲ. ನಡುವೆ ಎರಡು ಸಲ ಮಾಸ್ತರು ಬಂದು, “ಸಾಕು ಬಾ, ಕೈ ಸೆಟೀತಾವ” ಎಂದರೂ ತಲೆಯಾಡಿಸಿ ಮುಂದಿನ ತಟ್ಟೆ ತೆಗೆದುಕೊಂಡರು. ಕೊನೆಗೆ ಮಾಸ್ತರೂ ತೋಳು ಮಡಚಿ ಪಕ್ಕದಲ್ಲಿ ನಿಂತರು. ಅವರ ಇನ್ನೊಂದು ಮಗ್ಗುಲಿಗೆ ನೀಲಿ ಪಗಡಿಯ, ಬಿಳಿಗಡ್ಡದ ಮುದುಕರೊಬ್ಬರು ಇದ್ದರು. ಸದ್ದು ಸ್ವಲ್ಪ ಇಳಿದಾಗ ಅವರು ಹಿಂದಿಯಲ್ಲಿ ಮಾತಿಗೆಳೆದರು.

“ಯಾವ ಊರಿನವರು?”

“ಕರ್ನಾಟಕ. ಬೀದರ್.”

ಬೀದರ್ ಎಂದಾಕ್ಷಣ ಮುದುಕರ ಕೈ ನಿಂತಿತು. ಮಾಸ್ತರು ಬರಲಿರುವ ಮಾತಿಗೆ ಸಿದ್ಧರಾದವರಂತೆ ಕೆಳಗೆ ನೋಡಿದರು.

“ಭಾಯಿ ಸಾಹಿಬ್ ಸಿಂಗ್‌ಜಿಯವರ ಊರು!” ಎಂದರು ಮುದುಕರು. ಒದ್ದೆ ಕೈಯಿಂದಲೇ ಮಾಸ್ತರ ಭುಜ ಮುಟ್ಟಿದರು. “ನಾನಕ್ ಝೀರಾದ ನೀರು ಈಗಲೂ ಸಿಹಿಯಾಗಿದೆಯೆ?”

“ಇದೆ” ಎಂದರು ಮಾಸ್ತರು. ಅಲ್ಲಿಗೆ ಮಾತು ಮುಗಿಸಬಹುದಿತ್ತು. ಮುದುಕರು ಕೇಳಿದ್ದು ಅಷ್ಟೇ. ಆದರೆ ಮಾಸ್ತರು ಕೈಯಲ್ಲಿದ್ದ ತಟ್ಟೆಯನ್ನು ತೊಟ್ಟಿಯಲ್ಲಿ ಬಿಟ್ಟು, ಬೀದರಿನ ತಮ್ಮ ಹಿಂದಿಯಲ್ಲಿ, ಎಂಬತ್ತೆಂಟನೆಯ ಇಸವಿಯ ಸೆಪ್ಟೆಂಬರಿನ ಆ ರಾತ್ರಿಯನ್ನು ಹೇಳಿದರು. ಓಣಿಯ ಇಬ್ಬರು ಹುಡುಗರು, ಬಾಗಿಲಿನ ಸದ್ದು, ಅಗುಳಿಯ ಮೇಲಿನ ಕೈ. ಎಲ್ಲ ಸೇರಿ ಏಳೆಂಟು ವಾಕ್ಯಗಳಾಗಿರಬಹುದು. ಮೂವತ್ತೈದು ವರ್ಷಗಳಿಗೂ ಮೇಲೆ ಯಾರಿಗೂ ಹೇಳದ್ದು ಅಷ್ಟು ಬೇಗ ಮುಗಿಯಿತಲ್ಲ ಎಂದು ಅವರಿಗೇ ಸೋಜಿಗವಾಯಿತು.

ಮುದುಕರು ಪೂರ್ತಿ ಕೇಳಿದರು. “ಹುಡುಗರು ಮನೆ ಮುಟ್ಟಿದರಲ್ಲವೆ?” ಎಂದರು. ಹೌದೆಂದಾಗ ಕಣ್ಣುಮುಚ್ಚಿ ವಾಹೆಗುರು ಎಂದರು. ಅದಕ್ಕಿಂತ ಹೆಚ್ಚಿನ ಸಮಾಧಾನವನ್ನಾಗಲಿ, ಆಕ್ಷೇಪವನ್ನಾಗಲಿ ಹೇಳಲಿಲ್ಲ.

ಅದುವರೆಗೆ ತಟ್ಟೆ ಉಜ್ಜುತ್ತಲೇ ಇದ್ದ ಆಕೆ ತಲೆಯೆತ್ತದೆ ಹೇಳಿದರು: “ಬಾಗಿಲ ತೆರೀಬ್ಯಾಡ್ರಿ ಅಂದಾಕಿ ನಾ. ನಿಮ್ಮ ಕೈ ಹಿಡದಾಕಿ ನಾ. ಅದೂ ಹೇಳ್ರಿ ಅವರಿಗೆ.”

ಮಾಸ್ತರು ಪತ್ನಿಯ ಮುಖ ನೋಡಿದರು. ನೀರಿನಲ್ಲಿ ನೆನೆದು ಬಿಳುಚಿದ ಆಕೆಯ ಬೆರಳುಗಳನ್ನು ನೋಡಿದರು.

“ಬಹೆನ್‌ಜಿ ಏನೆಂದರು?” ಎಂದು ಮುದುಕರು ಕೇಳಿದರು.

“ಬೆಳಗಿನಿಂದ ನಮ್ಮ ಊಟವಾಗಿಲ್ಲ ಅಂತಾಳೆ” ಎಂದರು ಮಾಸ್ತರು.

“ಛೆ, ಛೆ, ಎಂಥ ಕೆಲಸ ಮಾಡಿದಿರಿ! ಬನ್ನಿ ಮೊದಲು” ಎಂದು ಮುದುಕರು ಇಬ್ಬರನ್ನೂ ಎಬ್ಬಿಸಿಕೊಂಡು ಹೋಗಿ ಪಂಕ್ತಿಯಲ್ಲಿ ಕೂರಿಸಿದರು. ದಾಲು ಬಂತು, ಖೀರು ಬಂತು. ರೊಟ್ಟಿ ನೀಡುವ ಹುಡುಗನಿಗೆ ಇಪ್ಪತ್ತು ವರ್ಷವಿರಬೇಕು, ಗಡ್ಡ ಈಗಷ್ಟೇ ಮೂಡುತ್ತಿತ್ತು. ಆಕೆ ಎರಡೂ ಕೈ ಒಡ್ಡಿದರು. ಅವನು ಎರಡು ರೊಟ್ಟಿ ಇಟ್ಟು ಮುಂದೆ ಹೋದವನು, ಏನನ್ನಿಸಿತೋ, ಹಿಂತಿರುಗಿ ಇನ್ನೊಂದು ಇಟ್ಟ. ಅಲ್ಲಿ ಎಲೆಯಲ್ಲಿ ಬಿಡುವಂತಿಲ್ಲ. ಆಕೆ ಮೂರನ್ನೂ ತಿಂದರು.

ಊಟ ಮುಗಿಸಿ ಜನರ ಪ್ರವಾಹದೊಡನೆ ಹೊರಗೆ ಬಂದರೆ ಅದು ಅವರು ಬೆಳಿಗ್ಗೆ ಬಂದ ಬಾಗಿಲಲ್ಲ. ಬೇರೊಂದು ಬೀದಿ, ಬೇರೆ ಅಂಗಡಿಗಳು. ಚಪ್ಪಲಿಗಳು ಗಂಟಾಘರ್ ಕಡೆಯೇ ಉಳಿದಿದ್ದವು. ಬಾಗಿಲು ಹೆಚ್ಚಾದರೆ ಹೀಗೂ ಆಗುತ್ತದೆ ಎಂದು ಮಾಸ್ತರು ನಕ್ಕರು. ಆಕೆಯೂ ನಕ್ಕರು. ಮತ್ತೆ ಒಳಗೆ ಹೋಗಿ ಸರೋವರದ ದಂಡೆಯಲ್ಲಿ ಸುತ್ತಿ ಬರುವುದೇ ಸರಿಯೆಂದು ತಿರುಗಿದರು. ಪರಿಕ್ರಮದಲ್ಲಿ ಸೇವಾದಾರರು ಬಕೆಟ್ಟು ಬಕೆಟ್ಟು ನೀರು ಚೆಲ್ಲಿ ನೆಲ ತೊಳೆಯುತ್ತಿದ್ದರು. ಆ ತಣ್ಣನೆಯ ನೀರಿನಲ್ಲಿ, ಕೈಯಲ್ಲಿ ತಗಡಿನ ಬಿಲ್ಲೆ ಹಿಡಿದು, ಇಬ್ಬರೂ ಬರಿಗಾಲಲ್ಲಿ ನಿಧಾನವಾಗಿ ನಡೆದುಹೋದರು.